ವದಂತಿಗೆ ನೌಕರರನ್ನು ದೂರುವುದು ನಿಲ್ಲಲಿ

ದೊಡ್ಡ ಐಟಿ ಕಂಪನಿಯೊಂದರಲ್ಲಿ ಜನರನ್ನು ತೆಗೆಯುತ್ತಾರಂತೆ ಎಂಬ ಮಾತು ಹಬ್ಬಿದಾಗಲೆಲ್ಲ ಅದರ ಬೆನ್ನಿಗೇ ಒಂದು ಬುದ್ಧಿವಾದವೂ ಬರುತ್ತದೆ. ಗಾಳಿಸುದ್ದಿಗೆ ಕಿವಿಗೊಡಬೇಡಿ, ನಿಮ್ಮ ಪಾಡಿಗೆ ನೀವು ಕೆಲಸ ಮಾಡಿ, ಚೆನ್ನಾಗಿ ಕೆಲಸ ಮಾಡುವವರಿಗೆ ಭಯವಿಲ್ಲ, ಹೊಸದನ್ನು ಕಲಿತವರನ್ನು ಯಾರೂ ಮುಟ್ಟುವುದಿಲ್ಲ. ಟೌನ್‌ಹಾಲ್ ಸಭೆಯಲ್ಲಿ ಮೇಲಧಿಕಾರಿಗಳು ಇದನ್ನು ಹೇಳುತ್ತಾರೆ. ಉದ್ಯೋಗ ಸಲಹೆಗಾರರು ಇದನ್ನೇ ಬರೆಯುತ್ತಾರೆ. ಊರಿಂದ ಫೋನ್ ಮಾಡುವ ದೊಡ್ಡಪ್ಪನೂ ಇದನ್ನೇ ಹೇಳಿ ಸಮಾಧಾನಪಡಿಸುತ್ತಾರೆ. ಕೇಳುವುದಕ್ಕೆ ಹಿತವಾದ ಮಾತು. ಆದರೆ ಅದರ ಹೊಟ್ಟೆಯಲ್ಲಿ ಒಂದು ತೀರ್ಪು ಅಡಗಿದೆ: ಈ ಆತಂಕಕ್ಕೆಲ್ಲ ನೌಕರರ ಬಾಯಿಚಪಲವೇ ಕಾರಣ, ವದಂತಿ ಹರಡುವವರು ಬೇಜವಾಬ್ದಾರಿ ಜನ, ಹೆದರುವವರು ಕೈಲಾಗದವರು.

ಈ ತೀರ್ಪು ತಪ್ಪು, ಅನ್ಯಾಯದ್ದೂ ಹೌದು. ಸಾವಿರಾರು ಸಂಸಾರಗಳ ಅನ್ನದ ಪ್ರಶ್ನೆಯಲ್ಲಿ ಸತ್ಯ ಗೊತ್ತಿರುವವರು ಬಾಯಿ ಬಿಡದೆ ಕೂತಾಗ ಹುಟ್ಟುವುದೇ ವದಂತಿ. ಅದರ ಹೊಣೆ ಆ ಬಾಯಿ ಬಿಡದವರದು. ಈ ಮಾತನ್ನು ಎಷ್ಟು ಗಟ್ಟಿಯಾಗಿ ಹೇಳಬಹುದೋ ಅಷ್ಟು ಗಟ್ಟಿಯಾಗಿ ಹೇಳಬೇಕಾದ ಕಾಲ ಬಂದಿದೆ.

ಸುಮ್ಮನೆ ತತ್ತ್ವ ಮಾತಾಡುವುದಕ್ಕಿಂತ ಎಲ್ಲರ ಕಣ್ಣೆದುರು ನಡೆದ ಒಂದು ಪ್ರಕರಣವನ್ನೇ ನೋಡೋಣ. ದೇಶದ ಅತಿದೊಡ್ಡ ಐಟಿ ಕಂಪನಿ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್, ಅಂದರೆ ಟಿಸಿಎಸ್. 2025ರ ಜೂನ್ ಕೊನೆಗೆ ಅಲ್ಲಿದ್ದ ನೌಕರರು 6,13,069. ಅದೇ ಜೂನ್‌ನಲ್ಲಿ ಅಲ್ಲಿಗೆ ಹೊಸ ನಿಯಮ ಬಂದಿತ್ತು. ವರ್ಷಕ್ಕೆ ಕನಿಷ್ಠ 225 ದಿನ ಬಿಲ್ಲಿಂಗ್ ಇರುವ ಪ್ರಾಜೆಕ್ಟಿನಲ್ಲಿ ಇರಲೇಬೇಕು, ಬೆಂಚಿನ ಮೇಲೆ 35 ದಿನಕ್ಕಿಂತ ಹೆಚ್ಚು ಕೂರುವಂತಿಲ್ಲ. ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಸಿಗುವ ತನಕ ಕಾಯುವುದಕ್ಕೆ ಐಟಿಯವರು ಬೆಂಚ್ ಎನ್ನುತ್ತಾರೆ. ಜುಲೈ 10ರಂದು ಕಂಪನಿ ಮೂರು ತಿಂಗಳ ಲೆಕ್ಕ ಪ್ರಕಟಿಸಿತು: ನಿವ್ವಳ ಲಾಭ 12,760 ಕೋಟಿ ರೂಪಾಯಿ, ಪ್ರತಿ ಷೇರಿಗೆ 11 ರೂಪಾಯಿ ಲಾಭಾಂಶ. ಇದಾಗಿ ಎರಡೂವರೆ ವಾರಕ್ಕೆ, ಜುಲೈ 27ರ ಭಾನುವಾರ, ಈ ಹಣಕಾಸು ವರ್ಷದಲ್ಲಿ ಶೇ 2ರಷ್ಟು, ಎಂದರೆ ಸುಮಾರು 12 ಸಾವಿರ ನೌಕರರನ್ನು ಕೈಬಿಡಲಾಗುವುದು ಎಂಬ ಸುದ್ದಿ ಹೊರಬಿತ್ತು. ಮುಖ್ಯ ಕಾರ್ಯನಿರ್ವಹಣಾಧಿಕಾರಿ ಕೆ. ಕೃತಿವಾಸನ್ ಇದನ್ನು ಹೇಳಿದ್ದು ಸುದ್ದಿ ಮಾಧ್ಯಮಕ್ಕೆ ಕೊಟ್ಟ ಸಂದರ್ಶನದಲ್ಲಿ. ಮುಖ್ಯವಾಗಿ ಮಧ್ಯಮ ಮತ್ತು ಹಿರಿಯ ಹಂತದವರು ಎಂಬಷ್ಟು ವಿವರ ಸಿಕ್ಕಿತು.

ಆ ರಾತ್ರಿ ಕಂಪನಿಯ ಒಬ್ಬ ನೌಕರಳು ಏನೇನು ತಿಳಿಯಬಯಸುತ್ತಾಳೆ? ನಾನು ಆ 12 ಸಾವಿರದಲ್ಲಿ ಇದ್ದೇನೆಯೇ? ಯಾವ ಊರಿನ ಕಚೇರಿಯಿಂದ ಎಷ್ಟು ಮಂದಿ? ಯಾವ ತಿಂಗಳಲ್ಲಿ? ಯಾವ ಮಾನದಂಡದ ಮೇಲೆ? ಪರಿಹಾರ ಎಷ್ಟು? ಅಪ್ಪ ಅಮ್ಮನಿಗೆ ಮಾಡಿಸಿದ ಆರೋಗ್ಯ ವಿಮೆ ಯಾವತ್ತಿನವರೆಗೆ? ಈ ಯಾವ ಪ್ರಶ್ನೆಗೂ ಆ ಭಾನುವಾರದ ಸುದ್ದಿಯಲ್ಲಿ ಉತ್ತರವಿರಲಿಲ್ಲ. ಸಂಖ್ಯೆ ಇತ್ತು, ಹೆಸರಿರಲಿಲ್ಲ. ಆರು ಲಕ್ಷ ಜನರ ನಡುವೆ ಹನ್ನೆರಡು ಸಾವಿರದ ಲೆಕ್ಕವೊಂದನ್ನು ಎಸೆದು, ಅದು ಯಾರ ಮೇಲೆ ಬೀಳುತ್ತದೆ ಎಂದು ಹೇಳದಿದ್ದರೆ ಆರು ಲಕ್ಷ ಜನರೂ ನಿದ್ದೆಗೆಡುತ್ತಾರೆ. ಅದೇ ಆಯಿತು. ಎಲೆಕ್ಟ್ರಾನಿಕ್ ಸಿಟಿಯ ಚಹಾದಂಗಡಿಗಳಲ್ಲಿ, ಕ್ಯಾಬ್‌ಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅಂತೆಕಂತೆಗಳ ಸಂತೆ ನೆರೆಯಿತು. ಹನ್ನೆರಡಲ್ಲವಂತೆ, ಮೂವತ್ತು ಸಾವಿರವಂತೆ. ಅಲ್ಲ, ಇನ್ನೂ ಹೆಚ್ಚಂತೆ. ಕಂಪನಿ ಇವನ್ನೆಲ್ಲ ಸುಳ್ಳೆಂದು ತಳ್ಳಿಹಾಕಿತು.

ಅಕ್ಟೋಬರ್ 9ರಂದು ಮುಂದಿನ ಮೂರು ತಿಂಗಳ ಲೆಕ್ಕ ಬಂತು. ನೌಕರರ ಸಂಖ್ಯೆ 5,93,314. ಒಂದೇ ತ್ರೈಮಾಸಿಕದಲ್ಲಿ 19,755 ಮಂದಿ ಕಡಿಮೆಯಾಗಿದ್ದರು. ತಾನು ಕೈಬಿಟ್ಟವರು ಸುಮಾರು ಶೇ 1ರಷ್ಟು, ಅಂದರೆ ಆರು ಸಾವಿರದ ಆಸುಪಾಸು ಎಂದು ಕಂಪನಿ ಹೇಳಿತು. ಬಿಡುಗಡೆ ಪರಿಹಾರ ಮೊದಲಾದವುಗಳಿಗೆಂದು ತೆಗೆದಿರಿಸಿದ ಮೊತ್ತ 1,135 ಕೋಟಿ. ಉಳಿದವರು ತಾವಾಗಿಯೇ ಬಿಟ್ಟು ಹೋದವರ ಲೆಕ್ಕಕ್ಕೆ ಸೇರಿದರು. ಐಟಿ ನೌಕರರ ಸಂಘಟನೆಗಳು ಈ ವಿವರಣೆಯನ್ನು ಒಪ್ಪಲಿಲ್ಲ. ಒತ್ತಡ ಹೇರಿ ರಾಜೀನಾಮೆ ಬರೆಸಿಕೊಳ್ಳಲಾಗಿದೆ ಎಂದು ದೂರಿದವು. ಈ ವಿವಾದದಲ್ಲಿ ಯಾರ ಲೆಕ್ಕ ಸರಿ ಎಂದು ತೀರ್ಮಾನಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಇಷ್ಟಂತೂ ಸ್ಪಷ್ಟ: ಜುಲೈಯಲ್ಲಿ ಭಯಪಟ್ಟ ನೌಕರರು ಇಲ್ಲದ ಗುಮ್ಮನಿಗೆ ಹೆದರಿರಲಿಲ್ಲ. ಸುಮಾರು ಇಪ್ಪತ್ತು ಸಾವಿರ ಕುರ್ಚಿಗಳು ನಿಜವಾಗಿಯೂ ಖಾಲಿಯಾದವು. ಬೆಂಕಿಯಿಲ್ಲದೆ ಹೊಗೆಯಾಡಲಿಲ್ಲ.

ವದಂತಿ ಹೇಗೆ ಹುಟ್ಟುತ್ತದೆ ಎಂಬುದನ್ನು ವಿದ್ವಾಂಸರು ಬಹಳ ಹಿಂದೆಯೇ ಶೋಧಿಸಿದ್ದಾರೆ. ಅಮೆರಿಕದ ಮನಃಶಾಸ್ತ್ರಜ್ಞರಾದ ಗೋರ್ಡನ್ ಆಲ್‌ಪೋರ್ಟ್ ಮತ್ತು ಲಿಯೋ ಪೋಸ್ಟ್‌ಮನ್ ಎರಡನೆಯ ಮಹಾಯುದ್ಧ ಕಾಲದ ವದಂತಿಗಳನ್ನು ಅಭ್ಯಾಸ ಮಾಡಿ 1947ರಲ್ಲಿ ಒಂದು ಸೂತ್ರ ಕೊಟ್ಟರು. ವದಂತಿಯ ಬಲ ಎರಡರ ಗುಣಲಬ್ಧ: ವಿಷಯ ಕೇಳುಗನಿಗೆ ಎಷ್ಟು ಮುಖ್ಯ ಮತ್ತು ಅದರ ಬಗ್ಗೆ ಇರುವ ಮಾಹಿತಿ ಎಷ್ಟು ಅಸ್ಪಷ್ಟ. ಎರಡರಲ್ಲಿ ಯಾವುದಾದರೂ ಒಂದು ಸೊನ್ನೆಯಾದರೆ ವದಂತಿಯೂ ಸೊನ್ನೆ. ಕೆಲಸ ಉಳಿಯುತ್ತದೋ ಹೋಗುತ್ತದೋ ಎಂಬ ವಿಷಯದ ಮಹತ್ವವನ್ನು ಯಾವ ನೌಕರನೂ ಕಡಿಮೆ ಮಾಡಿಕೊಳ್ಳಲಾರ. ಅದು ಅವನ ಮನೆಯ ಬಾಡಿಗೆ, ಮಗಳ ಶಾಲೆಯ ಫೀಸು. ಉಳಿದದ್ದು ಅಸ್ಪಷ್ಟತೆ. ಅದನ್ನು ಸೊನ್ನೆಗೆ ಇಳಿಸುವ ಶಕ್ತಿ ಇರುವುದು ಆಡಳಿತವರ್ಗದ ಕೈಯಲ್ಲಿ ಮಾತ್ರ. ಹಾಗಿದ್ದ ಮೇಲೆ ಸುಮ್ಮನಿರಿ ಎಂದು ನೌಕರರಿಗೆ ಹೇಳಿ ಏನು ಪ್ರಯೋಜನ?

ತಮೋತ್ಸು ಶಿಬುತಾನಿ ಎಂಬ ಸಮಾಜಶಾಸ್ತ್ರಜ್ಞ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪರ್ಲ್ ಹಾರ್ಬರ್ ದಾಳಿಯ ನಂತರ ಅಮೆರಿಕ ಸರ್ಕಾರ ಶಿಬಿರಗಳಲ್ಲಿ ಕೂಡಿಹಾಕಿದ ಲಕ್ಷಕ್ಕೂ ಹೆಚ್ಚು ಜಪಾನಿ ಮೂಲದವರಲ್ಲಿ ಅವರೂ ಒಬ್ಬರು. ನಾಳೆ ತಮ್ಮನ್ನು ಎಲ್ಲಿಗೆ ಸಾಗಿಸುತ್ತಾರೆ, ಮನೆಮಠ ಏನಾಗುತ್ತದೆ ಎಂದು ಯಾರೂ ಹೇಳದ ಜಾಗದಲ್ಲಿ ಮನುಷ್ಯರು ಹೇಗೆ ಮಾತಾಡಿಕೊಳ್ಳುತ್ತಾರೆ ಎಂಬುದನ್ನು ಅವರು ಒಳಗಿನಿಂದ ಕಂಡಿದ್ದರು. 1966ರಲ್ಲಿ ಪ್ರಕಟವಾದ ಅವರ ಪುಸ್ತಕದ ತಿರುಳು ಇಷ್ಟು: ಅಧಿಕೃತ ಸುದ್ದಿ ಸಾಲದಾದಾಗ ಜನ ಒಟ್ಟಾಗಿ ಕೂತು, ಸಿಕ್ಕ ತುಣುಕುಗಳನ್ನು ಜೋಡಿಸಿ, ಪರಿಸ್ಥಿತಿಯನ್ನು ಅರ್ಥಮಾಡಿಕೊಳ್ಳಲು ಯತ್ನಿಸುತ್ತಾರೆ, ವದಂತಿ ಎಂದರೆ ಆ ಯತ್ನ. ಮೋಡ ಕವಿದಾಗ ಕಣದಲ್ಲಿ ಹರಡಿದ ರಾಗಿಯನ್ನು ಮುಚ್ಚುವ ರೈತನನ್ನು ಯಾರೂ ಪುಕ್ಕಲನೆನ್ನುವುದಿಲ್ಲ. ಮಳೆ ಬಾರದೆ ಹೋದರೂ ಅವನು ಮಾಡಿದ್ದು ವಿವೇಕದ ಕೆಲಸವೇ. ಪಕ್ಕದ ತಂಡದ ಹತ್ತು ಮಂದಿಗೆ ಒಂದೇ ವಾರ ಎಚ್‌ಆರ್‌ನಿಂದ ಕರೆ ಬಂದಿತು, ಹೊಸ ನೇಮಕ ನಿಂತಿತು, ಒಂದು ಮಹಡಿಯನ್ನೇ ಖಾಲಿ ಮಾಡುತ್ತಿದ್ದಾರೆ ಎಂಬ ಮೂರು ಸಂಗತಿಗಳನ್ನು ಕೂಡಿಸಿ ನೋಡುವ ನೌಕರನೂ ಅಂಥದೇ ಕೆಲಸ ಮಾಡುತ್ತಿದ್ದಾನೆ.

ಅಸ್ಪಷ್ಟತೆ ತಾನಾಗಿ ಉಂಟಾಗುವುದಿಲ್ಲ. ಅದನ್ನು ಉಂಟುಮಾಡುವ ಒಂದು ಕ್ರಮವೇ ಇದೆ. ಅದು ನಡೆಯುವುದು ಒಂದು ಸಣ್ಣ ಮೀಟಿಂಗ್ ರೂಮಿನಲ್ಲಿ. ಮಧ್ಯಾಹ್ನದ ಹೊತ್ತಿಗೆ ಕ್ಯಾಲೆಂಡರಿನಲ್ಲಿ ಹದಿನೈದು ನಿಮಿಷದ ಒಂದು ಕರೆ ಬರುತ್ತದೆ. ವಿಷಯ ಏನೆಂದು ಬರೆದಿರುವುದಿಲ್ಲ. ಹೋದರೆ ಅಲ್ಲಿ ತನ್ನ ಮ್ಯಾನೇಜರ್ ಜೊತೆ ಮುಖಪರಿಚಯವಿಲ್ಲದ ಎಚ್‌ಆರ್ ಸಿಬ್ಬಂದಿ ಒಬ್ಬರು ಕೂತಿರುತ್ತಾರೆ. ಮಾತು ಮೆಲುದನಿಯದು, ಮರ್ಯಾದೆಯದು. ಎರಡು ದಾರಿ ಇವೆ ಎನ್ನುತ್ತಾರೆ. ನೀವಾಗಿ ರಾಜೀನಾಮೆ ಹಾಕಿದರೆ ರಿಲೀವಿಂಗ್ ಲೆಟರ್, ಎಕ್ಸ್‌ಪೀರಿಯನ್ಸ್ ಲೆಟರ್ ಎಲ್ಲ ಸುಸೂತ್ರವಾಗಿ ಸಿಗುತ್ತವೆ. ಇಲ್ಲವಾದರೆ ಟರ್ಮಿನೇಷನ್ ಎಂದು ದಾಖಲಾಗುತ್ತದೆ. ಮುಂದಿನ ಕಂಪನಿಯವರು ಹಿನ್ನೆಲೆ ಪರಿಶೀಲಿಸಿದಾಗ ಅದು ಕಾಣುತ್ತದೆ. ಯೋಚಿಸಲು ಸಮಯ ಬೇಕೆಂದರೆ ನಾಳೆ ಬೆಳಿಗ್ಗೆಯವರೆಗೆ ಎಂಬ ಉತ್ತರ. ಹೆಂಡತಿಗೋ ಗಂಡನಿಗೋ ಫೋನ್ ಮಾಡಲು ಹೊರಗೆ ಬಂದವರ ಕೈ ನಡುಗುತ್ತಿರುತ್ತದೆ.

ಇದು ಕಲ್ಪನೆಯಲ್ಲ. 2017ರ ಜುಲೈಯಲ್ಲಿ ಟೆಕ್ ಮಹೀಂದ್ರ ಕಂಪನಿಯ ಎಚ್‌ಆರ್ ಸಿಬ್ಬಂದಿ ಮತ್ತು ಒಬ್ಬ ನೌಕರನ ನಡುವಿನ ಫೋನ್ ಸಂಭಾಷಣೆಯ ಧ್ವನಿಮುದ್ರಿಕೆ ದೇಶವಿಡೀ ಹರಿದಾಡಿತು. ಮರುದಿನ ಬೆಳಿಗ್ಗೆ ಹತ್ತು ಗಂಟೆಯೊಳಗೆ ರಾಜೀನಾಮೆ ಕೊಡಿ, ಇಲ್ಲವೇ ಕೆಲಸದಿಂದ ತೆಗೆಯಲಾಗುವುದು ಎಂಬುದು ಅದರ ಸಾರ. ವೆಚ್ಚ ಕಡಿತವೇ ಕಾರಣವೆಂದು ಅದರಲ್ಲೇ ಹೇಳಲಾಗಿತ್ತು. ಸಮೂಹದ ಮುಖ್ಯಸ್ಥ ಆನಂದ್ ಮಹೀಂದ್ರ ಬಹಿರಂಗವಾಗಿ ಕ್ಷಮೆ ಕೇಳಿದರು. ಅವರು ಕ್ಷಮೆ ಕೇಳಿದ್ದು ದೊಡ್ಡ ನಡತೆ. ಆದರೆ ಆ ಕ್ಷಮೆ ಬಂದದ್ದು ಒಬ್ಬ ನೌಕರ ಧ್ವನಿ ಮುದ್ರಿಸಿಕೊಂಡು, ಅದು ಬಾಯಿಂದ ಬಾಯಿಗೆ, ಫೋನಿನಿಂದ ಫೋನಿಗೆ ಹರಡಿದ್ದರಿಂದ. ಗಾಳಿಸುದ್ದಿ ಹರಡಬೇಡಿ ಎಂಬ ಬುದ್ಧಿಮಾತನ್ನು ಅವನು ಪಾಲಿಸಿದ್ದರೆ ಆ ಹತ್ತು ಗಂಟೆಯ ಗಡುವು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ರಾಜೀನಾಮೆಯನ್ನೇ ಏಕೆ ಕೇಳುತ್ತಾರೆ? ಉತ್ತರ ಕಾನೂನಿನಲ್ಲಿದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 25ಎಫ್ ಸೆಕ್ಷನ್ ಪ್ರಕಾರ, ಒಂದು ವರ್ಷ ಸತತ ದುಡಿದ ಕಾರ್ಮಿಕನನ್ನು ನಿವೃತ್ತಿಯೋ ಶಿಸ್ತುಕ್ರಮವೋ ಅಲ್ಲದ ಕಾರಣಕ್ಕೆ ತೆಗೆಯುವಾಗ ಕಾರಣ ಬರೆದು ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ ಕೊಡಬೇಕಿತ್ತು, ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ವೇತನದಂತೆ ಪರಿಹಾರ ಕೊಡಬೇಕಿತ್ತು, ಸರ್ಕಾರಕ್ಕೂ ತಿಳಿಸಬೇಕಿತ್ತು. ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕೆಂಬ ನಿಯಮವೂ ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಈ ಮೂಲ ರಕ್ಷಣೆಗಳಿವೆ. ಸರ್ಕಾರದ ಪೂರ್ವಾನುಮತಿ ಬೇಕೆಂಬ ನಿಯಮ ಮಾತ್ರ ಕಾರ್ಖಾನೆ, ಗಣಿ, ತೋಟಗಳಿಗೆ ಸೀಮಿತ; ಅದಕ್ಕೂ ನೂರು ಕಾರ್ಮಿಕರ ಮಿತಿ ಮುನ್ನೂರಕ್ಕೆ ಏರಿತು. ಆದರೆ ರಾಜೀನಾಮೆ ಎಂಬ ಒಂದು ಸಾಲಿನ ಇಮೇಲ್ ಬಂದುಬಿಟ್ಟರೆ ಇದ್ಯಾವುದೂ ಬೇಕಾಗಿಲ್ಲ. ನೋಟಿಸಿಲ್ಲ, ಕಾರಣವಿಲ್ಲ, ಸರ್ಕಾರಕ್ಕೆ ವರದಿಯಿಲ್ಲ. ಮುಖ್ಯವಾಗಿ, ಎಷ್ಟು ಮಂದಿಯನ್ನು ತೆಗೆದೆವು ಎಂಬ ಲೆಕ್ಕವೇ ಎಲ್ಲಿಯೂ ಉಳಿಯುವುದಿಲ್ಲ. ಲೆಕ್ಕ ಉಳಿಯದಂತೆ ನೋಡಿಕೊಂಡವರೇ ಆಮೇಲೆ ನೌಕರರ ಲೆಕ್ಕ ತಪ್ಪು ಎನ್ನುವುದನ್ನು ಒಪ್ಪಲು ಸಾಧ್ಯವಿಲ್ಲ.

ಇನ್ನು ನನ್ನ ವಾದದ ಕೇಂದ್ರಕ್ಕೆ ಬರುತ್ತೇನೆ. ವದಂತಿಗೆ ಉತ್ತರ ಕೊಡುವುದು ಕಂಪನಿಗಳಿಗೆ ಆಗದ ಕೆಲಸವೇನಲ್ಲ. ಕಾನೂನಿನ ಒತ್ತಾಯದಿಂದ ಅವು ಈಗಾಗಲೇ ಅದನ್ನು ಮಾಡುತ್ತಿವೆ, ಆದರೆ ಬೇರೆಯವರಿಗಾಗಿ. ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮ ಹೀಗಿದೆ: ದೊಡ್ಡ ನೋಂದಾಯಿತ ಕಂಪನಿಯ ಬಗ್ಗೆ ಮುಖ್ಯವಾಹಿನಿಯ ಮಾಧ್ಯಮದಲ್ಲಿ ವದಂತಿ ಬಂದು, ಅದರಿಂದ ಷೇರಿನ ಬೆಲೆಯಲ್ಲಿ ಗಣನೀಯ ಏರಿಳಿತವಾದರೆ, ಕಂಪನಿ 24 ಗಂಟೆಯೊಳಗೆ ಅದನ್ನು ಹೌದೆನ್ನಬೇಕು, ಅಲ್ಲವೆನ್ನಬೇಕು ಅಥವಾ ಸ್ಪಷ್ಟನೆ ಕೊಡಬೇಕು. 2024ರ ಜೂನ್ 1ರಿಂದ ಮೊದಲ ನೂರು ಕಂಪನಿಗಳಿಗೆ, ಅದೇ ವರ್ಷ ಡಿಸೆಂಬರ್ 1ರಿಂದ ಮೊದಲ 250 ಕಂಪನಿಗಳಿಗೆ ಇದು ಕಡ್ಡಾಯ. ನಮ್ಮ ದೊಡ್ಡ ಐಟಿ ಕಂಪನಿಗಳೆಲ್ಲ ಈ ಪಟ್ಟಿಯೊಳಗೇ ಇವೆ.

ಇದರ ಅರ್ಥವನ್ನು ನಿಧಾನವಾಗಿ ಗ್ರಹಿಸಬೇಕು. ನಿನ್ನೆ ನೂರು ಷೇರು ಕೊಂಡು ನಾಳೆ ಮಾರುವವನಿಗೆ ವದಂತಿಯಿಂದ ನಷ್ಟವಾಗಬಾರದು ಎಂದು ದೇಶದ ಕಾನೂನು ಕಾಳಜಿ ವಹಿಸುತ್ತದೆ. ಅವನು ವದಂತಿಗೆ ಕಿವಿಗೊಟ್ಟದ್ದೇ ತಪ್ಪು ಎಂದು ಸೆಬಿ ಹೇಳಲಿಲ್ಲ. ಉತ್ತರ ಕೊಡುವ ಹೊಣೆಯನ್ನು ಕಂಪನಿಯ ಮೇಲೆ ಹೊರಿಸಿತು. ಅದೇ ಕಂಪನಿಯಲ್ಲಿ ಹದಿನೆಂಟು ವರ್ಷ ದುಡಿದವನು ಅದೇ ವದಂತಿ ಕೇಳಿ ಉತ್ತರ ಬೇಡಿದರೆ ಅವನಿಗೆ ಸಿಗುವುದು ಉಪದೇಶ. ಷೇರುದಾರನ ಆತಂಕ ಮಾರುಕಟ್ಟೆಯ ಸಮಸ್ಯೆ, ನೌಕರನ ಆತಂಕ ಅವನ ಮನಸ್ಸಿನ ಸಮಸ್ಯೆ ಎಂದು ವಿಭಾಗಿಸಿಟ್ಟಿದ್ದೇವೆ. ಧ್ಯಾನ ಶಿಬಿರ, ಸಮಾಲೋಚಕರ ಫೋನ್ ನಂಬರ್ ಕೊಟ್ಟು ಅವನನ್ನು ಸಮಾಧಾನಪಡಿಸಲು ನೋಡುತ್ತೇವೆ. ಅವನಿಗೆ ಬೇಕಾದದ್ದು ಉತ್ತರ.

ಈಗ ಎದುರು ವಾದಗಳನ್ನು ಒಂದೊಂದಾಗಿ ನೋಡೋಣ.

ವದಂತಿಯಿಂದ ಹಾನಿಯಿದೆ, ನಿಜ. ಹೆದರಿದ ನೌಕರ ಗಮನವಿಟ್ಟು ಕೆಲಸ ಮಾಡಲಾರ. ಬೇರೆಡೆ ಸುಲಭವಾಗಿ ಕೆಲಸ ಸಿಗುವವರು ಮೊದಲು ಹೋಗುತ್ತಾರೆ. ಕೆಲವರು ಅವಸರಪಟ್ಟು ರಾಜೀನಾಮೆ ಕೊಟ್ಟು ಸಿಗಬೇಕಾದ ಪರಿಹಾರವನ್ನೂ ಕಳೆದುಕೊಳ್ಳುತ್ತಾರೆ. ಈ ಹಾನಿಯನ್ನು ನಾನು ಅಲ್ಲಗಳೆಯುವುದಿಲ್ಲ. ಅದು ಇಷ್ಟು ದೊಡ್ಡದಾಗಿರುವುದರಿಂದಲೇ ಅದನ್ನು ತಡೆಯಬಲ್ಲವರನ್ನು ಪ್ರಶ್ನಿಸಬೇಕು ಎನ್ನುತ್ತೇನೆ. ಸ್ಪಷ್ಟ ಸುದ್ದಿ ಕೆಟ್ಟದ್ದಾದರೂ ಜನ ಅದಕ್ಕೆ ಸಿದ್ಧರಾಗುತ್ತಾರೆ: ಸಾಲ ಮುಂದೂಡುತ್ತಾರೆ, ಬೇರೆ ಕೆಲಸ ಹುಡುಕುತ್ತಾರೆ, ಊರಿನಲ್ಲಿ ಅಣ್ಣತಮ್ಮಂದಿರ ಜೊತೆ ಮಾತಾಡುತ್ತಾರೆ. ಅಸ್ಪಷ್ಟ ಸುದ್ದಿಗೆ ಯಾವ ಸಿದ್ಧತೆಯೂ ಸಾಧ್ಯವಿಲ್ಲ.

ವ್ಯಾಪಾರದ ಗುಟ್ಟುಗಳನ್ನು ಮೊದಲೇ ಹೇಳಲಾಗದು ಎಂಬುದು ಎರಡನೆಯ ವಾದ. ಹಾಗಾದರೆ ಯೂರೋಪಿನಲ್ಲಿ ಹೇಗೆ ಹೇಳುತ್ತಾರೆ? ಸಾಮೂಹಿಕವಾಗಿ ಕೆಲಸದಿಂದ ತೆಗೆಯುವುದರ ಬಗ್ಗೆ ಯೂರೋಪಿಯನ್ ಒಕ್ಕೂಟದ 1998ರ ನಿರ್ದೇಶನದ ಪ್ರಕಾರ, ಕಂಪನಿ ಮೊದಲೇ ನೌಕರರ ಪ್ರತಿನಿಧಿಗಳ ಜೊತೆ ಸಮಾಲೋಚಿಸಬೇಕು. ಕಾರಣವೇನು, ಎಷ್ಟು ಮಂದಿ, ಯಾವ ವರ್ಗದವರು, ಯಾವ ಅವಧಿಯಲ್ಲಿ, ಯಾವ ಮಾನದಂಡದಿಂದ ಆರಿಸುತ್ತೀರಿ ಎಂಬುದನ್ನು ಬರೆದು ಕೊಡಬೇಕು. ಅಮೆರಿಕದಲ್ಲೂ ನೂರು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ದೊಡ್ಡ ಪ್ರಮಾಣದ ಕಡಿತಕ್ಕೆ 60 ದಿನ ಮೊದಲೇ ನೋಟಿಸ್ ಕೊಡಬೇಕೆಂದು 1988ರಲ್ಲೇ ಕಾಯ್ದೆ ಬಂತು. ನಮ್ಮ ಐಟಿ ಕಂಪನಿಗಳ ಶಾಖೆಗಳು ಆ ದೇಶಗಳಲ್ಲೂ ಇವೆ. ಅಲ್ಲಿನ ಕಾನೂನಿಗೆ ಅವೂ ಬದ್ಧ. ಆಮ್‌ಸ್ಟರ್‌ಡ್ಯಾಮಿನಲ್ಲಿ ಹೇಳಬಹುದಾದದ್ದು ವೈಟ್‌ಫೀಲ್ಡಿನಲ್ಲಿ ಮಾತ್ರ ಗುಟ್ಟಾಗುವುದು ಹೇಗೆ?

ಚೆನ್ನಾಗಿ ಕೆಲಸ ಮಾಡುವವರಿಗೆ ಭಯವಿಲ್ಲ ಎಂಬುದು ಮೂರನೆಯದು, ಅತ್ಯಂತ ಜನಪ್ರಿಯವಾದದ್ದು, ಅತ್ಯಂತ ಕ್ರೂರವಾದದ್ದು. ಟಿಸಿಎಸ್ ಪ್ರಕರಣದಲ್ಲಿ ಕಂಪನಿ ಕೊಟ್ಟ ಕಾರಣವೇ ಬೇರೆ: ಕೌಶಲದ ಹೊಂದಾಣಿಕೆಯಿಲ್ಲ, ನೇಮಿಸಲು ತಕ್ಕ ಪ್ರಾಜೆಕ್ಟ್ ಸಿಗುತ್ತಿಲ್ಲ. ಹನ್ನೆರಡು ವರ್ಷ ಒಬ್ಬ ಬ್ಯಾಂಕ್ ಗ್ರಾಹಕನ ಹಳೆಯ ವ್ಯವಸ್ಥೆಯನ್ನು ನೋಡಿಕೊಂಡವನನ್ನು ಅಲ್ಲಿಟ್ಟದ್ದು ಕಂಪನಿಯೇ. ಅವನ ಅನುಭವ ತೋರಿಸಿ ಬಿಲ್ ಮಾಡಿದ್ದೂ ಕಂಪನಿಯೇ. ಗ್ರಾಹಕ ಆ ಗುತ್ತಿಗೆಯನ್ನು ಮುರಿದಾಗ ಅವನು ಬೆಂಚಿಗೆ ಬರುತ್ತಾನೆ, 35 ದಿನಗಳ ಎಣಿಕೆ ಶುರುವಾಗುತ್ತದೆ. ಇದರಲ್ಲಿ ಅವನ ಕೆಲಸದ ಗುಣಮಟ್ಟದ ಮಾತೆಲ್ಲಿ ಬಂತು? ಇನ್ನು ಹೊಸಬರ ಸ್ಥಿತಿ ನೋಡಿ. 2022ರಲ್ಲಿ ಆಫರ್ ಲೆಟರ್ ಪಡೆದು, ಎರಡು ವರ್ಷಕ್ಕೂ ಹೆಚ್ಚು ಕಾದು, 2024ರ ಕೊನೆಯ ತಿಂಗಳುಗಳಲ್ಲಿ ಇನ್ಫೋಸಿಸ್‌ನ ಮೈಸೂರು ಕ್ಯಾಂಪಸ್ ಸೇರಿದ ತರಬೇತಿ ಅಭ್ಯರ್ಥಿಗಳ ಪೈಕಿ ಮುನ್ನೂರಕ್ಕೂ ಹೆಚ್ಚು ಮಂದಿಯನ್ನು 2025ರ ಫೆಬ್ರುವರಿಯಲ್ಲಿ ಹೊರಕಳಿಸಲಾಯಿತು. ಮೂರು ಅವಕಾಶ ಕೊಟ್ಟರೂ ಆಂತರಿಕ ಪರೀಕ್ಷೆ ಪಾಸಾಗಲಿಲ್ಲ ಎಂಬುದು ಕಂಪನಿಯ ವಿವರಣೆ. ಆ ಹುಡುಗ ಹುಡುಗಿಯರು ಆ ಎರಡು ವರ್ಷ ಇವತ್ತು ಕರೆಯುತ್ತಾರಂತೆ, ಮುಂದಿನ ತಿಂಗಳಂತೆ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡು ಕಾದರು. ಆ ಕಾಯುವಿಕೆಯನ್ನು ಪ್ರತಿಭೆಯ ಕೊರತೆ ಎನ್ನಲಾಗದು. ಕೆಲಸ ಕಳೆದುಕೊಂಡವನಿಗೆ ನೀನು ಅಸಮರ್ಥ ಎಂಬ ಹಣೆಪಟ್ಟಿಯನ್ನೂ ಅಂಟಿಸುವ ಈ ಮಾತನ್ನು ನಾವು ಬಿಟ್ಟುಬಿಡಬೇಕು. ಕೆಲಸ ಹೋದ ದುಃಖಕ್ಕಿಂತ ಆ ಹಣೆಪಟ್ಟಿಯ ಅವಮಾನಕ್ಕೇ ಅಂಜಿ ಎಷ್ಟೋ ಮಂದಿ ಮನೆಯವರಿಗೂ ಹೇಳದೆ ದಿನಾ ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಹೊರಡುತ್ತಾರೆ.

ಲಕ್ಷಗಟ್ಟಲೆ ಸಂಬಳ ತೆಗೆದುಕೊಂಡವರ ಮೇಲೆ ಕನಿಕರ ಏಕೆ ಎಂದೂ ಕೇಳುತ್ತಾರೆ. ಮೊದಲನೆಯದಾಗಿ, ದೊಡ್ಡ ಕಂಪನಿಗಳಲ್ಲಿ ಹೊಸಬರ ಆರಂಭಿಕ ಸಂಬಳ ದಶಕಕ್ಕೂ ಹೆಚ್ಚು ಕಾಲದಿಂದ ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿಯ ಆಸುಪಾಸಿನಲ್ಲೇ ನಿಂತಿದೆ. ಬೆಂಗಳೂರಿನ ಪಿಜಿ ಬಾಡಿಗೆ ನಿಂತಿಲ್ಲ. ಎರಡನೆಯದಾಗಿ, ನಲವತ್ತೈದರ ಹತ್ತಿರವಿರುವ ಹಿರಿಯ ನೌಕರನ ಸಂಬಳ ದೊಡ್ಡದಿರಬಹುದು, ಅದಕ್ಕೆ ಕಟ್ಟಿದ ಇಎಂಐಗಳೂ ದೊಡ್ಡವು. ಆ ವಯಸ್ಸಿನವರನ್ನು ಅದೇ ಸಂಬಳಕ್ಕೆ ಕರೆಯುವ ಕಂಪನಿಗಳು ಕಡಿಮೆ. ಹೊರದೇಶದಲ್ಲಿರುವವರ ಕಥೆ ಇನ್ನೂ ಕಷ್ಟದ್ದು. ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲಿರುವ ನಮ್ಮ ಹಾಸನದ, ದಾವಣಗೆರೆಯ ಮಕ್ಕಳಿಗೆ ಕೆಲಸ ಹೋದರೆ ಹೆಚ್ಚೆಂದರೆ 60 ದಿನಗಳ ಅವಕಾಶ. ಅಷ್ಟರಲ್ಲಿ ಬೇರೆ ಉದ್ಯೋಗದಾತ ಸಿಗದಿದ್ದರೆ ಶಾಲೆಗೆ ಹೋಗುವ ಮಕ್ಕಳನ್ನೂ ಕಟ್ಟಿಕೊಂಡು ಗಂಟುಮೂಟೆ ಕಟ್ಟಬೇಕು. ಅಂಥವರಿಗೆ ಒಂದು ತಿಂಗಳು ಮೊದಲೇ ಸಿಗುವ ಸತ್ಯ ಬದುಕನ್ನೇ ಉಳಿಸಬಲ್ಲದು. ಇಷ್ಟಕ್ಕೂ ನಾನು ಕೇಳುತ್ತಿರುವುದು ಕನಿಕರವಲ್ಲ, ಮಾಹಿತಿ. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೂ ಅದು ಬೇಕು, ಕ್ಯಾಬ್ ಚಾಲಕರಿಗೂ ಬೇಕು. ಒಬ್ಬರಿಗೆ ದಕ್ಕಿದರೆ ಇನ್ನೊಬ್ಬರು ಕೇಳಲು ದಾರಿಯಾಗುತ್ತದೆ.

ಇಂಥ ನಿಯಮ ತಂದರೆ ಕಂಪನಿಗಳು ಬೇರೆ ರಾಜ್ಯಕ್ಕೆ ಓಡಿಹೋಗುತ್ತವೆ ಎಂಬ ಬೆದರಿಕೆ ಕೊನೆಯದು. ಇದಕ್ಕೆ ತಲೆಬಾಗಿಯೇ ಕರ್ನಾಟಕ ಸರ್ಕಾರ ಐಟಿ, ಐಟಿಇಎಸ್, ಸ್ಟಾರ್ಟಪ್ ಕಂಪನಿಗಳಿಗೆ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿ ಕೊಡುತ್ತ ಬಂತು. 2024ರಲ್ಲಿ ಅದನ್ನು ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು. ಆ ಕಾಯ್ದೆ ಕೇಳುತ್ತಿದ್ದುದು ಏನು? ನೇಮಕ, ರಜೆ, ಶಿಸ್ತುಕ್ರಮ, ಕೆಲಸದಿಂದ ತೆಗೆಯುವುದು ಇವುಗಳ ನಿಯಮಗಳನ್ನು ಬರೆದು ಪ್ರಮಾಣೀಕರಿಸಿ, ಇಂಗ್ಲಿಷಿನಲ್ಲೂ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಬಾಗಿಲ ಬಳಿಯ ಬೋರ್ಡಿನಲ್ಲಿ ಹಾಕಬೇಕು. ಅಷ್ಟೇ. ಸೀರೆ ನೇಯುವ ಗಿರಣಿಗೂ ಸಾಧ್ಯವಾದ ಒಂದು ನೋಟಿಸ್ ಬೋರ್ಡ್ ಜಗತ್ತಿಗೇ ತಂತ್ರಾಂಶ ಮಾರುವ ಕಂಪನಿಗಳಿಗೆ ಭಾರವಾಯಿತೆಂದು ನಾವು ಒಪ್ಪಿಕೊಂಡೆವು.

ಆ ವಿನಾಯಿತಿಗೂ ಷರತ್ತುಗಳಿದ್ದವು. ಕಂಪನಿಯಲ್ಲಿ ಕುಂದುಕೊರತೆ ಸಮಿತಿ ಇರಬೇಕಿತ್ತು. ನೌಕರರ ಅಮಾನತು, ವಜಾ, ಹಿಂಬಡ್ತಿ ಮೊದಲಾದ ಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕಿತ್ತು. 2017ರಲ್ಲಿ ನೋಂದಣಿಯಾದ ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘ ಈ ಷರತ್ತುಗಳ ಪಾಲನೆಯಾಗಬೇಕೆಂದೂ ವಿನಾಯಿತಿಯೇ ರದ್ದಾಗಬೇಕೆಂದೂ ಹೋರಾಡುತ್ತ ಬಂದಿದೆ. ಈ ಹೋರಾಟಕ್ಕೆ ಸೇರಿದರೆ ತಮಗೆ ಕಪ್ಪುಚುಕ್ಕೆ ಬೀಳುತ್ತದೆಂದು ಹಿಂಜರಿಯುವ ಸಾವಿರಾರು ನೌಕರರು ನಮ್ಮ ನಡುವೆಯೇ ಇದ್ದಾರೆ. ಅವರ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಆದರೆ ಒಬ್ಬೊಬ್ಬರಾಗಿ ಆ ಮೀಟಿಂಗ್ ರೂಮಿನ ಬಾಗಿಲು ತಳ್ಳುವಾಗ ಯಾರ ಬಲವೂ ಹಿಂದೆ ಇರುವುದಿಲ್ಲ ಎಂಬುದನ್ನೂ ಅವರು ಮರೆಯಬಾರದು. ಪಿಸುಮಾತಿನಲ್ಲಿ ಹಂಚಿಕೊಳ್ಳುವ ಭಯವನ್ನು ಸಹಿ ಹಾಕಿದ ಮನವಿಯಾಗಿ ಬದಲಿಸುವುದಕ್ಕೆ ಸಂಘವೇ ದಾರಿ.

ಆಗಬೇಕಾದದ್ದು ಬಹಳವಿಲ್ಲ. ಕೆಲಸ ಕಡಿತದ ಬಗ್ಗೆ ವದಂತಿ ಎದ್ದಾಗ ಷೇರುದಾರರಿಗೆ ಕೊಡುವಂತೆ ನೌಕರರಿಗೂ 24 ಗಂಟೆಯೊಳಗೆ ಲಿಖಿತ ಉತ್ತರ ಕೊಡುವುದನ್ನು ಕಡ್ಡಾಯ ಮಾಡಬೇಕು. ಕಡಿತ ಇದ್ದರೆ ಸಂಖ್ಯೆ, ವರ್ಗ, ಊರು, ಅವಧಿ, ಮಾನದಂಡ, ಪರಿಹಾರ ಇವಿಷ್ಟನ್ನೂ ಮೊದಲೇ ಪ್ರಕಟಿಸಬೇಕು. ಕಂಪನಿ ಕರೆದು ಬರೆಸಿಕೊಂಡ ರಾಜೀನಾಮೆಯನ್ನು ಹಿಂಪಡೆಯಲು ನೌಕರನಿಗೆ ಕನಿಷ್ಠ ಒಂದು ವಾರದ ಹಕ್ಕು ಇರಬೇಕು. ಆ ಮಾತುಕತೆಗೆ ತನಗೆ ಬೇಕಾದವರೊಬ್ಬರನ್ನು ಕರೆದೊಯ್ಯಲು ಬಿಡಬೇಕು. ಕಂಪನಿಗಳಿಂದ ತನಗೆ ಬಂದ ಲೆಕ್ಕವನ್ನು ಕಾರ್ಮಿಕ ಇಲಾಖೆ, ಯಾರ ಹೆಸರೂ ಇಲ್ಲದಂತೆ, ಮೂರು ತಿಂಗಳಿಗೊಮ್ಮೆ ಜನರ ಮುಂದಿಡಬೇಕು. ಇವುಗಳಲ್ಲಿ ಯಾವುದೂ ಕಂಪನಿಯ ಕೈಕಟ್ಟಿ ಹಾಕುವುದಿಲ್ಲ. ತೆಗೆಯಲೇಬೇಕಾದವರನ್ನು ಆಗಲೂ ತೆಗೆಯಬಹುದು. ಬೆಳಕಿನಲ್ಲಿ ತೆಗೆಯಿರಿ ಎಂಬುದಷ್ಟೇ ಬೇಡಿಕೆ.

ಅಲ್ಲಿಯವರೆಗೆ ಕ್ಯಾಂಟೀನಿನಲ್ಲಿ ತಲೆಗೆ ತಲೆ ಕೊಟ್ಟು ಮಾತಾಡುವವರನ್ನು ಗದರಿಸುವ ಹಕ್ಕು ಯಾರಿಗೂ ಇಲ್ಲ. ಗಾಳಿಸುದ್ದಿ ನಂಬಬೇಡಿ ಎಂದು ಮ್ಯಾನೇಜರ್ ಹೇಳಿದಾಗ ನೌಕರರು ಒಬ್ಬರಾಗಿ ಅಲ್ಲ, ಇಡೀ ತಂಡವಾಗಿ ಒಂದೇ ಮಾತು ಕೇಳಬೇಕು: ಹಾಗಾದರೆ ನಿಜ ಏನೆಂದು ಬರೆದು, ಸಹಿ ಹಾಕಿ ಕೊಡಿ. ಅದನ್ನು ಕೊಟ್ಟ ದಿನ ವದಂತಿ ತಾನಾಗಿ ಸಾಯುತ್ತದೆ. ಕೊಡದಿದ್ದರೆ ಆ ವದಂತಿಗೆ ಯಾರು ಹೊಣೆ ಎಂಬುದು ಎಲ್ಲರಿಗೂ ತಿಳಿದಂತಾಯಿತು.